ಗೆದ್ದವನ ಮುಖ

ಗಡಿ ದಾಟಿದವರ ಮುಖ ಅವರ ದೇಶ ಆಳುವವರ ಮುಖವಾಗಿಬಿಡುತ್ತದೆ. ಅದು ಎಲ್ಲರಿಗೂ ರೂಢಿಯಾಗಿದೆ. ಗಲ್ಫಿನಲ್ಲಿ ನರ್ಸಾಗಿದ್ದ ಮಂಗಳೂರಿನ ಜೆಸಿಂತಾ, ಫಲಿತಾಂಶ ಬಂದ ಮರುದಿನ ಕನ್ನಡಿಯಲ್ಲಿ ಹೊಸ ಪ್ರಧಾನಿಯ ಗಿರಿಜಾ ಮೀಸೆ ಕಂಡು ಹಲ್ಲು ಕಡಿದಳು. ಅವನನ್ನು ಸೋಲಿಸಲೆಂದೇ ರಜೆ ಹಾಕಿ, ಊರಿಗೆ ಹೋಗಿ ಓಟು ಹಾಕಿ ಬಂದವಳು ಅವಳು!

ಬಸ್ಸಿನಲ್ಲಿ ಒಬ್ಬ ಎದ್ದು ಸೀಟು ಬಿಟ್ಟುಕೊಟ್ಟ, ಇನ್ನೊಬ್ಬ ಅವಳ ಕಾಲ ಬುಡದಲ್ಲೇ ಉಗಿದ. ವಾರ್ಡಿನಲ್ಲಿ, ಮೂರು ತಿಂಗಳಿಂದ ಅವಳ ಆರೈಕೆಯಲ್ಲೇ ಇದ್ದ ಬೇರೆ ದೇಶದ ಮುದುಕ ಗೋಡೆಯ ಕಡೆ ಹೊರಳಿದ.

“ಈ ಮುಖ ನೋಡಿದರೆ ಮೈ ಉರಿಯುತ್ತದೆ. ಬೇರೆ ನರ್ಸನ್ನು ಕಳಿಸು.”

ಜೆಸಿಂತಾ ಬಿಸಿನೀರಿನ ಬೋಗುಣಿಯನ್ನು ಕುಕ್ಕಿದಳು. “ನಮ್ಮಣ್ಣನ ದೋಣಿಗೆ ಗುಂಡು ಹೊಡೆಸಿ ಮುಳುಗಿಸಿದವನ ಮುಖ ನಿಮ್ಮದು. ದಿನಾ ಬೆಳಿಗ್ಗೆ ಅದನ್ನು ಒರೆಸುದು ನಾನಲ್ವಾ? ನನಗೆ ಮೈ ಉರಿಯುದಿಲ್ವಾ?”