ಹುಕ್ಕೇರಿಯ ರೊಟ್ಟಿ

"ಆಕಿಗೆ ಮೆತ್ತನ ರೊಟ್ಟಿ ಬೇಕೋ, ಕಟಕ ರೊಟ್ಟಿ ಬೇಕೋ, ಅಕ್ಕಾ?" ತಂಗಿ ಶೈಲಾ ಪೆನ್ನು ಹಿಡಿದು ಕೇಳಿದಾಗ ಸುವರ್ಣಾಳ ಬಾಯಲ್ಲಿದ್ದ ಚಹಾ ಕಹಿಯಾಯಿತು. ಅಕ್ಕನ ಮಗಳು ಸಹನಾ ಏಳುವ ಹೊತ್ತು, ತಲೆಗೆ ಹಚ್ಚುವ ಎಣ್ಣೆ, ಎಲ್ಲವನ್ನೂ ಅವಳು ಆಗಲೇ ನೋಟ್‌ಬುಕ್ಕಿಗೆ ಇಳಿಸಿದ್ದಳು.

ಎರಡು ತರಗತಿ ಹಾರಿ ಹದಿಮೂರಕ್ಕೇ ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳನ್ನು ಯಾವ ಹಾಸ್ಟೆಲ್ಲೂ ಸೇರಿಸಿಕೊಂಡಿರಲಿಲ್ಲ. ಕುಲಗೋಡದ ಮನೆಯಿಂದ ದಿನಾ ಗೋಕಾಕದ ಕಾಲೇಜಿಗೆ ಹೋಗಬೇಕು, ಇಲ್ಲವೇ ಸಣ್ಣವ್ವ ಶೈಲಾಳ ಈ ಮನೆಯಲ್ಲಿದ್ದು ಹುಕ್ಕೇರಿಯಲ್ಲಿ ಓದಬೇಕು.

"ಗೋಕಾಕ ಬಸ್ಸಿನ್ಯಾಗ ನಿಂದ್ರಾಕ ನನಗ ಜಾಗಾ ಸಿಗೂದಿಲ್ಲ, ಈ ಚೋಟುಗ ಎಲ್ಲಿ ಸಿಗಬೇಕು?" ಎಂದ ಗಂಡ ಭೀಮೇಶ.

"ನಮ್ಮ ಮನ್ಯಾಗಾದ್ರ ಗ್ಯಾಲರ್‍ಯಾಗ ನಿಂತ್ರ ಕಾಲೇಜ ಗೇಟ ಕಾಣತೈತಿ, ಮಾವಾರ," ಎಂದಳು ಶೈಲಾ.

'ಗ್ಯಾಲರ್‍ಯಾ‌ಗ!' ಸುವರ್ಣಾ ಮನಸ್ಸಿನಲ್ಲೇ ತಂಗಿಯ ದನಿಯನ್ನು ಮೂಗಿನಿಂದ ಎಳೆದು ಅಣಕಿಸಿದಳು. ಹಡೆದವಳು ನಾನು, ಗ್ಯಾಲರಿಯಲ್ಲಿ ನಿಂತು ನೋಡುವವಳು ಇವಳು!

ಸಹನಾ ದಿನಾ ತಿನ್ನುತ್ತಿದ್ದದ್ದು ಹಂಚಿನಿಂದ ಆಗಷ್ಟೇ ಇಳಿದ ಮೆತ್ತನ ರೊಟ್ಟಿ. ಒಣಗಿಸಿಟ್ಟ ಗಟ್ಟಿ ಕಟಕ ರೊಟ್ಟಿ ಕಂಡರೆ ತಾಟನ್ನೇ ಸರಿಸುತ್ತಿದ್ದಳು.

"ಕಟಕ," ಎಂದಳು ಸುವರ್ಣಾ. "ಅದೂ ವಾರದ ಹಿಂದ ಬಡದದ್ದಾದ್ರ ಭಾಳ ಚಲೋ. ಮೆತ್ತಂದು ಮುಟ್ಟೂದಿಲ್ಲ ಆಕಿ."

ಹೆಂಡತಿ ಮಗಳನ್ನು ಕಳಿಸಲು ಒಪ್ಪಿಯೇಬಿಟ್ಟಳೆಂದು ಭೀಮೇಶ ಹುಕ್ಕೇರಿ ಕಾಲೇಜಿನ ಅರ್ಜಿ ಬಿಚ್ಚಿದ. ಆದರೆ ರೊಟ್ಟಿಯ ಮಾತು ನೆನಪಾಗಿ ತಲೆ ಎತ್ತಿದ. "ಏನ, ಈಕಿ ಯಾವಾಗ ಕಟಕ..."

ಸಹನಾ ಅವ್ವನ ಮುಖವನ್ನೇ ನೋಡುತ್ತಿದ್ದಳು.

"ಖರೇನ ಐತಿ ಅಪ್ಪಾ," ಎಂದಳು. "ಕಟಕ ಅಂತನ ಬರ್ಕೋರಿ, ಸಣ್ಣವ್ವಾ."