ಓರೆಯಾದ ಎರಡು ಗೆರೆಗಳು

"ತಡೀರಿ ಸರ, ಕಳಸಬ್ಯಾಡ್ರಿ!" ಎಂದವಳೇ ಭುವನೇಶ್ವರಿ, ಸಾಹೇಬ ಅಮರನಾಥನ ಕೈಯಿಂದ ಮೌಸ್ ಕಸಿದುಕೊಂಡಳು. ಕಮಲಾಪುರದ ರಸ್ತೆ ಅಗಲ ಮಾಡಲು ಯಾವ ಮರ ಕಡಿಯಬೇಕೆಂಬ ವರದಿ ಕಲಬುರಗಿಯ ಆ ಆಫೀಸಿನಿಂದ ಹೊರಡುವುದರಲ್ಲಿತ್ತು. ಡ್ರೋನು ಮೇಲಿನಿಂದ ಲೇಸರ್ ಬಿಟ್ಟು ಒಂದೊಂದು ಮರವನ್ನೂ ಸಾವಿರಾರು ಚುಕ್ಕೆಗಳಾಗಿ ಅಳೆದು ತಂದಿತ್ತು. ಆ ಚುಕ್ಕೆಗಳ ಆಕಾರ ನೋಡಿ ಕಂಪ್ಯೂಟರು ಜಾತಿ ಹೇಳುತ್ತಿತ್ತು; ಅದು ಸರಿಯೋ ಎಂದು ಪರದೆಯ ಮೇಲೆ ತಾಳೆ ನೋಡುವುದು ಭುವನೇಶ್ವರಿಯ ಕೆಲಸ. ಬೇವಾದರೆ ಉಳಿಸಬೇಕು, ಜಾಲಿಯಾದರೆ ಕಡಿಯಬೇಕು. ಶಾಲೆಯೆದುರಿನ ದೊಡ್ಡ ಮರವೊಂದನ್ನು ಬೇವೋ ಜಾಲಿಯೋ ಎಂದು ತಡವರಿಸಿ, ಕೊನೆಗೆ ಜಾಲಿ ಎಂದಿತ್ತು.

"ಮಷೀನಿಗಿಂತ ಶಾಣ್ಯಾಕಿ ಆದೇನವಾ? ಆ ಗಿಡ ನೀ ಹೋಗಿ ನೋಡೀಯೇನು?"

"ಹೋಗೂದು ಯಾಕ್ರಿ? ಇಲ್ಲೇ ಕಾಣಾಕತ್ತದಲ್ಲ!" ಅವಳು ಪರದೆಯ ಮೇಲಿನ ಮರವನ್ನು ಮೆಲ್ಲಗೆ ತಿರುಗಿಸಿದಳು. ದಪ್ಪ ಕೊಂಬೆಯಿಂದ ಚುಕ್ಕೆಗಳ ಎರಡು ಗೆರೆ ಜೋಡಿಯಾಗಿ, ಓರೆಯಾಗಿ ಇಳಿದಿದ್ದವು. ಅವುಗಳ ತುದಿಯಲ್ಲಿ, ನೆಲಕ್ಕೆ ತಾಗದೆ, ಚುಕ್ಕೆಗಳದೇ ಒಂದು ಗೊಂಚಲು ಗಾಳಿಯಲ್ಲಿ ನಿಂತಿತ್ತು. "ಡ್ರೋನ್ ಹಾರಿಸಿದ್ದು ನಾಗರ ಪಂಚಮಿ ದಿನ, ಹೌದಲ್ರಿ? ಇದು ಜೋಕಾಲಿ ಸರ. ಮ್ಯಾಲ ಯಾರೋ ನಿಂತು ಜೀಕಾಕತ್ತಾರ. ಮುಳ್ಳಿನ ಗಿಡಕ್ಕ ಯಾರರೆ ಜೋಕಾಲಿ ಕಟ್ಟತಾರೇನ್ರಿ?"

ಅಮರನಾಥ ಕನ್ನಡಕ ಸರಿಮಾಡಿಕೊಂಡು ಆ ಗೊಂಚಲನ್ನೇ ನೋಡುತ್ತ ಕುಳಿತ. ಅವನ ದನಿ ಇಳಿಯಿತು. "ಖರೇ ಅದ. ಆದರ ಮ್ಯಾಲಿನವರು ಕೇಳತಾರ. ಕಾರಣ ಏನಂತ ಬರೀಲಿ?"

ಭುವನೇಶ್ವರಿ ಆಗಲೇ ಜಾಲಿ ಅಳಿಸಿ ಬೇವು ಎಂದು ಒತ್ತಿದ್ದಳು. "ಹೆಣ್ಣಮಕ್ಕಳು ಜೋಕಾಲಿ ಆಡಾಕತ್ತಾರ, ಅಂತ ಬರೀರಿ."