ಹಿಡಿ ಅಕ್ಕಿ ಹೋಗುವ ಮನೆ

ಡಬ್ಬಿಯ ಮುಚ್ಚಳ ಟಿಕ್ ಎಂದಿತು.

ಸುಮಿತಾ ಕಣ್ಣು ತೆರೆದಳು. ರಾತ್ರಿ ಹನ್ನೊಂದೂವರೆ. ಪಕ್ಕದಲ್ಲಿ ಗಂಡ ಎಫ್ರಾಯಿಮ ಇರಲಿಲ್ಲ. ಅಡುಗೆಮನೆಯಿಂದ ಅಕ್ಕಿ ಸರಿಯುವ ಸರಸರ ಸದ್ದು ಬಂತು. ಆಮೇಲೆ ಅದೂ ನಿಂತಿತು. ಮೂರು ತಿಂಗಳಲ್ಲಿ ಇದು ಮೂರನೆಯ ಸಲ.

“ಯಾರ್ರೀ ಅದು?” ಎಂದಳು, ಯಾರೆಂದು ಗೊತ್ತಿದ್ದೂ.

“ನಾನ. ನೀರ ಕುಡ್ಯಾಕ ಎದ್ದಿದ್ದೆ. ಮಲಕೋ.”

ನೀರಿನ ಕೊಡ ಅಡುಗೆಮನೆಯಲ್ಲಿರಲಿಲ್ಲ, ಪಡಸಾಲೆಯಲ್ಲಿತ್ತು. ಸುಮಿತಾ ಮಗ್ಗುಲು ಬದಲಿಸಿದಳು. ಮನೆಯ ಅಕ್ಕಿ ಕದ್ದು ಯಾರಿಗೋ ಕೊಡುತ್ತಿದ್ದಾನೆ, ಅಷ್ಟೇ. ಯಾವ ಮನೆಗೆ ಎಂಬ ಗುಮಾನಿಯೂ ಅವಳಿಗಿತ್ತು.

ಬೆಳಿಗ್ಗೆ ಡಬ್ಬಿ ನೋಡಿದಳು. ಅಕ್ಕಿ ಕಡಿಮೆಯಾದಂತೆ ಕಾಣಲಿಲ್ಲ. ಗೊತ್ತಾಗದ ಹಾಗೆ ಕೆದಕಿ ಉಬ್ಬಿಸಿಟ್ಟಿದ್ದಾನೆ, ಕಳ್ಳ!

ಈ ಮನುಷ್ಯನ ಕೈಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಹೋದ ವರ್ಷ ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲಿ ಯಾರೋ ಮುದುಕನಿಗೆ ಸ್ವೆಟರ್ ಬಿಚ್ಚಿಕೊಟ್ಟು ನಡುಗುತ್ತ ಮನೆಗೆ ಬಂದಿದ್ದ. ಸಂಸಾರ ನಡೆಯುತ್ತಿದ್ದುದು ಸುಮಿತಾಳ ನೋಟ್‌ಬುಕ್ಕಿನ ದೆಸೆಯಿಂದ. ಎಫ್ರಾಯಿಮ ದಾಂಡೇಲಿಯ ರಿಸಾರ್ಟೊಂದರಲ್ಲಿ ಜೀಪು ಓಡಿಸುತ್ತಿದ್ದ. ಸಂಬಳ ಇಪ್ಪತ್ತು ಸಾವಿರ. ಅದರಲ್ಲಿ ಎರಡು ಸಾವಿರ ದಶಮಾಂಶ. ಎಲ್ಲಕ್ಕಿಂತ ಮೊದಲು ಚರ್ಚಿನ ಲಕೋಟೆಗೆ. ಬಾಡಿಗೆ, ಮಗಳ ನರ್ಸಿಂಗ್ ಫೀಸು ಎಲ್ಲ ಆಮೇಲೆ. ಮಳೆಗಾಲಕ್ಕೆ ಕಾಳಿ ನದಿಯ ದೋಣಿಗಳು ನಿಂತು ಪ್ರವಾಸಿಗರು ಬರದಿದ್ದರೂ ಸಂಬಳ ನಿಲ್ಲಲಿಲ್ಲವೆಂದು ಅವಳು ದಿನಾ ದೇವರಿಗೆ ಸ್ತೋತ್ರ ಹೇಳುತ್ತಿದ್ದಳು.

ಜೂನ್‌ನಿಂದ ಮಾತ್ರ ಕಿರಾಣಿ ತಾನೇ ತರುವುದಾಗಿ ಎಫ್ರಾಯಿಮ ಹಟ ಹಿಡಿದಿದ್ದ. ಅದರ ದುಡ್ಡು ಹಿಡಿದುಕೊಂಡು ಉಳಿದದ್ದನ್ನು ಅವಳ ಕೈಗಿಡುತ್ತಿದ್ದ. ತರುವ ಅಕ್ಕಿಯಾದರೂ ನೆಟ್ಟಗಿತ್ತೇ? ಅನ್ನ ಮಾಡಿದರೆ ಅರ್ಧ ಕಾಳು ಮುದ್ದೆ, ಇನ್ನರ್ಧ ಗಟ್ಟಿ.

“ಯಾವ ಅಂಗಡ್ಯಾವ ನಿಮಗ ಟೊಪ್ಪಿಗಿ ಹಾಕ್ಯಾನ?” ಎಂದರೆ ನಕ್ಕು ಎದ್ದುಹೋಗುತ್ತಿದ್ದ.

ಅಂಥ ಅಕ್ಕಿಯಲ್ಲೂ ಅವಳು ಒಲೆ ಹಚ್ಚುವ ಮೊದಲು ಒಂದು ಹಿಡಿ ದೇವರಿಗೆಂದು ತೆಗೆದಿಡುತ್ತಿದ್ದಳು. ಚರ್ಚಿನ ಅರವತ್ತು ಮನೆಯ ಹೆಂಗಸರದೂ ಅದೇ ಪದ್ಧತಿ. ತಿಂಗಳಿಗೊಮ್ಮೆ ಎಲ್ಲರ ಹಿಡಿ ಅಕ್ಕಿ ಸೇರಿ ಚೀಲಗಳಾಗುತ್ತಿದ್ದವು. ಮೊದಲೆಲ್ಲ ಅದನ್ನು ಹರಾಜು ಹಾಕಿ ಅನಾಥಾಶ್ರಮಕ್ಕೆ ಹಣ ಕಳಿಸುತ್ತಿದ್ದರು. ಜೂನ್‌ನಿಂದ ಒಂದು ಚೀಲ ಯಾವುದೋ ಮನೆಗೆ ಹೋಗುತ್ತಿತ್ತು. ಹೆಸರು ಪಾದ್ರಿ ಅಯ್ಯನವರಿಗಷ್ಟೇ ಗೊತ್ತು. ಸ್ತ್ರೀ ಸಂಘದ ಸೆಕ್ರೆಟರಿಯಾದ ಸುಮಿತಾಳಿಗೇ ಗೊತ್ತಿಲ್ಲ! ಗಂಡ ರಾತ್ರಿ ಕದ್ದು ಕೊಡುವುದೂ ಅದೇ ಮನೆಗಿರಬೇಕು.

ಸೆಪ್ಟೆಂಬರಿನ ಮೊದಲ ಬುಧವಾರ, ಸಂಘದ ಪ್ರಾರ್ಥನೆಯಲ್ಲಿ ಅವಳು ಎದ್ದು ನಿಂತಳು.

“ನಾಕ ತಿಂಗಳಾತ್ರಿ ಅಯ್ಯನವರ. ಅವರು ದುಡದು ತಿನಬಾರದೇನು? ಹೆಸರ ಹೇಳ್ರಿ, ಇಲ್ಲಾ ಚೀಲ ನಿಲ್ಲಸ್ರಿ.”

“ಏನ್ರೀ ಸೆಕ್ರೆಟರಿಬಾಯಿ, ಉಣ್ಣೋ ಅನ್ನಕ್ಕೂ ಆಡಿಟ್ಟೇನು?” ಪಕ್ಕದಲ್ಲಿದ್ದ ನಿರ್ಮಲಾ ಚುಚ್ಚಿದಳು. ಒಂದಿಬ್ಬರು ನಕ್ಕರು.

ಅಯ್ಯನವರು ನಗಲಿಲ್ಲ. “ಕೈ ಚಾಚೋ ಗಂಡಸಿನ ಮಾರಿ ನೀ ನೋಡಿಲ್ಲ ಸುಮಿತಾ.”

“ನೋಡಬೇಕಂತನ ಕೇಳಾಕತ್ತೇನ್ರಿ.”

ಅವರು ಕೈಯಲ್ಲಿದ್ದ ಬೈಬಲ್ ಮುಚ್ಚಿದರು. “ರವಿವಾರ ಕಮಿಟಿ ಮುಂದ ಇಡ್ತೇನಿ. ಎಲ್ಲಾರೂ ನಿಲ್ಲಸ್ರಿ ಅಂದ್ರ ನಿಲ್ಲಸ್ತೇನಿ.”

ಮುಕ್ತಾಯದ ಪ್ರಾರ್ಥನೆಗೂ ಕಾಯದೆ ಸುಮಿತಾ ಹೊರಬಿದ್ದಳು. ಚರ್ಚಿನ ಹಿಂಬಾಗಿಲಲ್ಲಿ ಆಟೋ ನಿಂತಿತ್ತು. ಚಾಲಕ ಮೆಹಬೂಬ ಅಕ್ಕಿಯ ಚೀಲವನ್ನು ಸೀಟಿನ ಬುಡಕ್ಕೆ ತಳ್ಳುತ್ತಿದ್ದ. ಹಿಂದೆಮುಂದೆ ನೋಡದೆ ಹತ್ತಿ ಕುಳಿತಳು.

“ನಾನು ಸಂಘದ ಸೆಕ್ರೆಟರಿ. ಚೀಲ ಎಲ್ಲಿ ಹೊಂಟತಿ, ಅಲ್ಲಿಗೇ ನಡಿ.”

ಮೆಹಬೂಬ ತಲೆ ಕೆರೆದುಕೊಂಡ. “ಪಾದ್ರಿ ಸಾಹೇಬ್ರಿಗೆ ಗೊತ್ತೈತೇನ್ರಿ?”

“ಅವರಿಗೆ ನಾ ಹೇಳ್ತೇನಿ. ರವಿವಾರ ಎಲ್ಲಾರ ಮುಂದೂ ಹೆಸರ ಹೇಳ್ತೇನಿ. ನೀ ನಡಿ.”

ಆಟೋ ಹೊರಟಿತು. ಯಾವ ಮನೆ ಎಂದು ಸುಮಿತಾ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಕುಡುಕನ ಮನೆಯೋ, ಸೋಮಾರಿಯದೋ?

“ಆ ಮನಿಯವರ್ನ ನೋಡೀಯೇನು?”

“ಗಂಡನ್ನ ಒಮ್ಮೆ ನೋಡೇನ್ರಿ, ಕತ್ತಲಾಗ. ಹಿತ್ತಲ ಕಟ್ಟಿಗಿ ಗೂಡಿನ್ಯಾಗ ಚೀಲ ಇಟ್ಟ ಬರೂದು, ಅಷ್ಟ. ಹೆಂಡ್ತಿ ಮನ್ಯಾಗ ಇಲ್ಲದ ಹೊತ್ತಿಗೆ ಬಾ ಅಂತ ಹೇಳ್ಯಾನ.”

“ಆಕಿ ಎಲ್ಲಿ ತಿರಗಾಕ ಹೋಗಿರ್ತಾಳ?”

“ಯಾರಿಗ್ಗೊತ್ರಿ? ಪಗಾರ ಕಡಿಮಿ ಆಗಿದ್ದೂ ಆಕಿಗೆ ಹೇಳಿಲ್ಲಂತ. ಚೀಲದ ಸುದ್ದಿ ಗೊತ್ತಾದ್ರ ಉಣ್ಣೂದಿಲ್ಲಂತ ಆಕಿ. ಭಾಳ ಸೊಕ್ಕಿನ ಹೆಣಮಗಳ ಇರಬೇಕು.”

“ಸೊಕ್ಕಿದ್ದವರಿಗೆ ಧರ್ಮದ ಅಕ್ಕಿ ಯಾಕ?”

ಮೆಹಬೂಬ ಜೋರಾಗಿ ನಕ್ಕ. ಬಸ್‌ಸ್ಟ್ಯಾಂಡು ದಾಟಿತು. ಎಡಕ್ಕೆ, ಗುಡಿಸಲುಗಳ ಕಡೆ ಹೊರಳುತ್ತಾನೆಂದುಕೊಂಡಳು. ಬಲಕ್ಕೆ ಹೊರಳಿದ. ಎರಡನೆಯ ತಿರುವಿನಲ್ಲಿ ಸುಮಿತಾ ಮುಂದಿನ ಸರಳು ಹಿಡಿದು ಬಗ್ಗಿ ರಸ್ತೆ ನೋಡಿದಳು.

ಆಟೋ ಸಂದಿಯಲ್ಲಿ ನಿಂತಿತು. ಮೆಹಬೂಬ ಚೀಲ ಹೊತ್ತು ಹಿತ್ತಲ ಬಾಗಿಲು ದೂಡಿದ. ಚೀಲ ಇಳಿಸಿ, ಮೈಮೇಲಿನ ಅಕ್ಕಿ ಧೂಳು ಝಾಡಿಸಿಕೊಂಡು ಬಂದ. ಅವಳೂ ಇಳಿದು ಒಳಗೆ ಬಂದು ನಿಂತಿದ್ದಳು.

“ಮನಿ ನೋಡಿದ್ರೆಲ್ಲ? ರವಿವಾರ ಖರೇನ ಹೆಸರ ಹೇಳ್ತೀರೇನ್ ಬಾಯಿ?”

ಅಯ್ಯನವರಿಗೂ ಹೇಳಬಾರದು, ನಿರ್ಮಲಾಳಿಗೂ ಹೇಳಬಾರದು, ಎಫ್ರಾಯಿಮನಿಗಂತೂ ಎಂದೆಂದಿಗೂ ಹೇಳಬಾರದು ಎಂದು ನಿಶ್ಚಯಿಸುತ್ತ, ಸುಮಿತಾ ಆ ಹಿತ್ತಲಲ್ಲಿ ಬೆಳಿಗ್ಗೆ ತಾನೇ ಒಣಹಾಕಿದ್ದ ತನ್ನ ಸೀರೆಯನ್ನು ತಂತಿಯಿಂದ ಎಳೆದುಕೊಂಡು ಮಡಿಚತೊಡಗಿದಳು.